ಎರಡು ಸಾವಿರ ಪೌಂಡ್ ಹೆಚ್ಚು ಕೇಳಿದ್ದಕ್ಕೆ

ಚಿ. ಸುಮಂತನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಊರಿನ ಸಮಾಚಾರವನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಪತ್ರದ ಒಂದೇ ಮಾತು ನಿನ್ನೆಯಿಂದ ನನ್ನನ್ನು ಕೊರೆಯುತ್ತಿದೆ: "ಹೊಸ ಕೆಲಸಕ್ಕೆ 34,000 ಪೌಂಡ್ ಸಂಬಳ ಅಂದಿದ್ದರು, 36,000 ಕೇಳಿದೆ. ಐದು ದಿನವಾಯಿತು, ಉತ್ತರವಿಲ್ಲ. ಇದ್ದ ಆಫರೂ ಹೋಯಿತೇ ಮಾವ?"

ಹೋಗಿರಬಹುದು ಕಣೋ. ಸುಳ್ಳು ಸಮಾಧಾನ ಹೇಳಲಾರೆ. ಇಂಗ್ಲೆಂಡಿನ ಕಾನೂನಿನಲ್ಲಿ ಕೌಂಟರ್ ಆಫರ್ ಕೊಟ್ಟರೆ, ಅಂದರೆ ಅವರ ಷರತ್ತು ಬದಲಿಸಿ ನಮ್ಮದನ್ನು ಮುಂದಿಟ್ಟರೆ, ಮೊದಲಿನ ಆಫರ್ ಅಲ್ಲಿಗೇ ಸಾಯುತ್ತದೆ. 1840ರ ಹೈಡ್–ರೆಂಚ್ ಮೊಕದ್ದಮೆ ಅದೇ. ರೆಂಚ್ ತನ್ನ ಜಮೀನಿಗೆ 1,000 ಪೌಂಡ್ ಹೇಳಿದ, ಹೈಡ್ 950ಕ್ಕೆ ಕೇಳಿದ, ರೆಂಚ್ ಒಪ್ಪಲಿಲ್ಲ. ಆಮೇಲೆ ಹೈಡ್ "ಸರಿ, ಸಾವಿರವೇ ಕೊಡುತ್ತೇನೆ" ಅಂದರೂ ಕರಾರು ಆಗಲಿಲ್ಲ. ಒಪ್ಪಿಕೊಳ್ಳಲು ಅಲ್ಲಿ ಆಫರೇ ಉಳಿದಿರಲಿಲ್ಲ. ತರಗತಿಯಲ್ಲಿ ವರ್ಷಗಟ್ಟಲೆ ಇದನ್ನೇ ಹೇಳಿದವನು, ನೀನು ವಿಮಾನ ಹತ್ತುವ ಮುಂಚೆ ನಿನ್ನ ಕಿವಿಗೆ ಹಾಕಲಿಲ್ಲವಲ್ಲ ಎಂಬ ಕೊರಗು ನನಗಿದೆ.

ಆದರೆ ನೀನು ಕೇಳಿದ್ದು ಹೇಗೆ? ಆ ಮೇಲ್ ತೆಗೆದು ಇನ್ನೊಮ್ಮೆ ಓದು. "36,000 ಆದರೆ ಸೇರುತ್ತೇನೆ" ಎಂಬ ಅರ್ಥ ಬರುವಂತಿದ್ದರೆ ಅದು ಹೈಡನ ದಾರಿ. "36,000ಕ್ಕೆ ಏರಿಸಲು ಸಾಧ್ಯವಿದೆಯೇ?" ಎಂದಷ್ಟೇ ಇದ್ದರೆ ಅದು ವಿಚಾರಣೆ, ಅಂದರೆ ಬರೀ ಕೇಳಿ ತಿಳಿಯುವ ಮಾತು, ಆಫರ್‌ಗೆ ಧಕ್ಕೆಯಿಲ್ಲ. 1880ರ ಸ್ಟೀವನ್ಸನ್–ಮೆಕ್ಲೀನ್ ಮೊಕದ್ದಮೆಯಲ್ಲಿ ಕಬ್ಬಿಣಕ್ಕೆ ಟನ್ನಿಗೆ 40 ಶಿಲಿಂಗ್ ನಗದು ಎಂದಿದ್ದ ಮಾರುವವನಿಗೆ, ಕೊಳ್ಳುವವರು "ಎರಡು ತಿಂಗಳೊಳಗೆ ಪಡೆಯುವುದಾದರೆ ಅದೇ ದರಕ್ಕೆ ಕೊಡುತ್ತೀರಾ?" ಎಂದು ತಂತಿ ಕಳಿಸಿದರು. ಉತ್ತರ ಬಾರದಾಗ ಅವನು ಹೇಳಿದ ಷರತ್ತಿಗೇ ಒಪ್ಪಿ ಇನ್ನೊಂದು ತಂತಿ ಕೊಟ್ಟರು. ಕರಾರು ಆಗಿದೆ ಎಂದಿತು ನ್ಯಾಯಾಲಯ. ನಿನ್ನದೂ ಹೀಗೇ ಇರಲಿ ಎಂದು ಹಾರೈಸುತ್ತಿದ್ದೇನೆ.

"ಮೌನಂ ಸಮ್ಮತಿ ಲಕ್ಷಣಂ" ನಮ್ಮ ಮನೆಯ ಮಾತುಕತೆಗೆ ಸರಿ, ಅಲ್ಲಿಗಲ್ಲ. 1862ರ ಫೆಲ್ಟ್‌ಹೌಸ್ ಮೊಕದ್ದಮೆಯಲ್ಲಿ ಸೋದರನ ಮಗನಿಗೆ ಒಬ್ಬ, "ನೀನೇನೂ ಹೇಳದಿದ್ದರೆ ನಿನ್ನ ಕುದುರೆ 30 ಪೌಂಡ್ 15 ಶಿಲಿಂಗ್‌ಗೆ ನನ್ನದು" ಎಂದು ಬರೆದ. ಹುಡುಗನಿಗೆ ಮಾರುವ ಮನಸ್ಸಿದ್ದರೂ ಉತ್ತರ ಕೊಡಲಿಲ್ಲ, ಬರೆದವನಿಗೆ ಕುದುರೆ ದಕ್ಕಲಿಲ್ಲ. ಅವರ ಐದು ದಿನದ ಮೌನದಿಂದ ನಿನಗೆ 36,000 ಸಿಗುವುದಿಲ್ಲ.

ಶುಕ್ರವಾರದವರೆಗೆ ಕಾಲ ಕೊಟ್ಟಿದ್ದಾರೆ ಅಂದೆ. ಅದನ್ನೂ ನಂಬಿ ಕೂರಬೇಡ. ಆ ಮಾತಿಗಾಗಿ ನೀನು ಪ್ರತಿಫಲವೆಂದು ಒಂದು ಪೌಂಡಾದರೂ ಕೊಟ್ಟಿರದಿದ್ದರೆ, ಗುರುವಾರವೇ ಹಿಂತೆಗೆದುಕೊಳ್ಳಬಹುದು. 1876ರ ಡಿಕಿನ್ಸನ್–ಡಾಡ್ಸ್ ಮೊಕದ್ದಮೆಯಲ್ಲಿ ಶುಕ್ರವಾರ ಬೆಳಿಗ್ಗೆ 9ರವರೆಗೆ ಎಂದಿದ್ದ ಮನೆಯನ್ನು ಗುರುವಾರ ಬೇರೆಯವನಿಗೆ ಮಾರಿದರು. ಕೊಳ್ಳಬೇಕೆಂದಿದ್ದವನಿಗೆ ಆ ಸುದ್ದಿ ಮೂರನೆಯವನಿಂದ ತಿಳಿದಿತ್ತು. ಅಷ್ಟಕ್ಕೇ ಅವನ ಒಪ್ಪಿಗೆ ವ್ಯರ್ಥವಾಯಿತು.

ಪಾಠದ ಧಾಟಿ ಬಂತು, ಬೇಸರಿಸಬೇಡ. ಇಂದೇ ಬರೆ: ಹಿಂದೆ ಕೇಳಿದ್ದು ವಿಚಾರಣೆ ಮಾತ್ರ, ಇಂಥ ತಾರೀಖಿನ ನಿಮ್ಮ ಪತ್ರದ 34,000 ಪೌಂಡಿನ ಆಫರನ್ನು ಅದರ ಷರತ್ತುಗಳಂತೆಯೇ ಒಪ್ಪಿದ್ದೇನೆ, ತಲುಪಿದ್ದಕ್ಕೂ ಕೆಲಸ ಖಚಿತವೆಂಬುದಕ್ಕೂ ಬರೆದು ಉತ್ತರಿಸಿ ಎಂದು. ರಜೆ, ಸೇರುವ ದಿನ ಅಂತ ಒಂದು ಷರತ್ತನ್ನೂ ಸೇರಿಸಬೇಡ, ಮತ್ತೆ ಕೌಂಟರ್ ಆಫರ್ ಆಗುತ್ತದೆ. ಅಂಚೆಯಾದರೆ 1818ರಿಂದಲೂ ಒಪ್ಪಿಗೆಯ ಪತ್ರ ಡಬ್ಬಿಗೆ ಹಾಕಿದಾಗಲೇ ಕರಾರು. ಮೇಲ್‌ಗೆ ಆ ಸವಲತ್ತನ್ನು ನೆಚ್ಚಬೇಡ. ಹಳೆಯ ಆಫರ್ ನಿಜಕ್ಕೂ ಸತ್ತಿದ್ದರೆ ಈ ಮೇಲ್ ನಿನ್ನ ಹೊಸ ಆಫರ್ ಆಗುತ್ತದೆ, ಅವರು ಹೂಂ ಅನ್ನಬೇಕು. ಅದು ಕೈಗೆ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡ.

ಮೊದಲು ಕಳಿಸಿದ ಮೇಲ್‌ನ ನಕಲು ನನಗೂ ಕಳಿಸು. ಆ ಎರಡು ಸಾವಿರದ ವಾಕ್ಯವನ್ನು ನಾನೇ ಓದಬೇಕು.

ಇತಿ,
ನಿನ್ನ ಮಾವ