ಗ್ರಾಮಸಭೆ ಯೋಜನೆಯಲ್ಲಿ ಕೆರೆ ಕಾಲುವೆಯೂ ಇರಲಿ

ಮಾನ್ಯರೇ,

2022ರಲ್ಲಿ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಜನ ಜಾತ್ರೆಗೆ ಹೋದಂತೆ ನೋಡಲು ಹೋದರು. ಅಂಥ ಮಳೆ ವರ್ಷದಲ್ಲೂ ನಮ್ಮೂರ ಕೆರೆ ಅರ್ಧ ತುಂಬಲಿಲ್ಲ. ಗುಡ್ಡದ ನೀರು ತರುವ ಕಾಲುವೆಯಲ್ಲಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿದೆ. ಒಂದು ಕಡೆ ಕಾಲುವೆಯನ್ನೇ ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದಾರೆ. ನೀರು ಬರುವುದಾದರೂ ಎಲ್ಲಿಂದ?

ಪಂಚಾಯ್ತಿ ಯೋಜನೆ ಅಂದ್ರೆ ಚರಂಡಿ, ಸಿಸಿ ರಸ್ತೆ ಇಷ್ಟೇ ಅಲ್ವಾ ಎನ್ನುವಂತಾಗಿದೆ. ಸಭೆಗೆ ಕುರಿಗಾಹಿಗಳನ್ನು, ಹೆಣ್ಣುಮಕ್ಕಳನ್ನು ಕರೆಯಿರಿ. ಹಳ್ಳ ಎಲ್ಲಿ ಹರಿಯುತ್ತಿತ್ತು, ಗೋಮಾಳ ಎಲ್ಲಿಯವರೆಗಿತ್ತು ಅವರಿಗೆ ಚೆನ್ನಾಗಿ ಗೊತ್ತು. ಅವರು ತೋರಿಸಿದ ಮೇಲೆ ಸರ್ವೆ ಮಾಡಿಸಿ, ಕಲ್ಲು ನೆಡಿಸಿ. ಕಾಲುವೆ ಬಿಡಿಸದೆ ಸುಮ್ನೆ ಹೂಳೆತ್ತಿದರೆ ದುಡ್ಡು ದಂಡ. ಮುಂಗಾರಿಗೆ ಮೊದಲೇ ಈ ಕೆಲಸ ಕೈಗೊಳ್ಳಬೇಕು.

– ಒಬ್ಬ ತೆಂಗು ಬೆಳೆಗಾರ, ಹೊಸದುರ್ಗ ತಾಲ್ಲೂಕು