ಮುಖ ಎಲ್ಲಿ ತೋರಿಸಲಿ ಅಂದೆಯಲ್ಲ

ಚಿ. ಮಂಜುವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ನಿನ್ನ ಮಂಡಿ ನೋವು, ನಿಮ್ಮಪ್ಪನ ಕೋಪ ಎಲ್ಲ ಮನೆಯಲ್ಲಿ ಗೊತ್ತಿರುವುದೇ. ಕೊನೆಗೆ ಒಂದು ಸಾಲು ಗೀಚಿದ್ದೀಯಲ್ಲ, 'ಕೋಚ್ ಕೆಲಸ ಒಪ್ಪಿಕೊಂಡು, ನಾಲ್ಕು ಮ್ಯಾಚ್ ಸೋತು, ನನ್ನನ್ನು ತೆಗೆದುಹಾಕಿದರೆ ಮುಖ ಎಲ್ಲಿ ತೋರಿಸಲಿ ದೊಡ್ಡಪ್ಪ' ಅಂತ, ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಿನಗೆ ಪೋರ್ಚುಗಲ್ ಅಂದರೆ ರೊನಾಲ್ಡೊ. ನನಗೆ ಫುಟ್‌ಬಾಲ್ ಕೋಚ್ ಫರ್ನಾಂಡೊ ಸಾಂಟೋಸ್. 1954ರಲ್ಲಿ ಲಿಸ್ಬನ್‌ನಲ್ಲಿ ಹುಟ್ಟಿದವನು, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಅಲ್ಲಿಯ ಬೆನ್ಫಿಕಾ ಕ್ಲಬ್ಬಿನ ಹುಡುಗರ ತಂಡದಲ್ಲಿ ಬೆಳೆದು, ಎಸ್ಟೋರಿಲ್, ಮರಿಟಿಮೊ ತಂಡಗಳಿಗೆ ಡಿಫೆಂಡರ್ ಆಗಿ ಆಡಿದ. ದೇಶದ ಅಂಗಿ ಒಮ್ಮೆಯೂ ತೊಡಲಿಲ್ಲ. ನಿನ್ನ ಹಾಗೇ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವನು, ಹೋಟೆಲೊಂದರಲ್ಲಿ ಇಂಜಿನಿಯರ್ ಆಗಿ ದುಡಿದವನು. 1999ರಲ್ಲಿ ಪೋರ್ಟೊ ತಂಡ ಸತತ ಐದನೇ ಸಲ ಲೀಗ್ ಗೆದ್ದಾಗ ಕೋಚ್ ಇವನೇ. ಅಲ್ಲಿಯ ಜನ 'ಐದರ ಇಂಜಿನಿಯರ್' ಅಂತಲೇ ಕರೆದರು. ಮುಂದಿನ ಎರಡು ವರ್ಷ ಲೀಗ್ ಕೈತಪ್ಪಿತು, ಪೋರ್ಟೊ ಬಿಟ್ಟು ಹೊರಟ.

ಇನ್ನೂ ಕೇಳು. 2007ರಲ್ಲಿ, ಚಿಕ್ಕಂದಿನಿಂದ ಹಚ್ಚಿಕೊಂಡಿದ್ದ ಬೆನ್ಫಿಕಾವೇ ಇವನನ್ನು ತೆಗೆಯಿತು. ಲೀಗಿನ ಮೊದಲ ಪಂದ್ಯ ಡ್ರಾ ಆಗಿತ್ತು, ಅಷ್ಟೇ. ನೀನು ನಾಲ್ಕು ಮ್ಯಾಚ್ ಅಂತೀಯ! ಅದೇ ವರ್ಷ ಗ್ರೀಸಿಗೆ ಹೋಗಿ ಪಾವೊಕ್ ತಂಡ ಹಿಡಿದ. ಆಮೇಲೆ ಗ್ರೀಸ್ ದೇಶದ ತಂಡವೇ ಕೈಗೆ ಬಂತು. 2014ರ ವಿಶ್ವಕಪ್‌ನಲ್ಲಿ ಕೋಸ್ಟರಿಕಾ ಎದುರು, ಪೆನಾಲ್ಟಿಗೆ ಮುಂಚೆ, ರೆಫರಿ ಜೊತೆ ಜಗಳವಾಡಿ ಹೊರಗೆ ಕಳಿಸಿಕೊಂಡ. ಎಂಟು ಪಂದ್ಯಗಳ ನಿಷೇಧ. ಆ ನಿಷೇಧ ತಲೆ ಮೇಲಿರುವಾಗಲೇ ಪೋರ್ಚುಗಲ್ ಕರೆದು ಕೆಲಸ ಕೊಟ್ಟಿತು.

ಮುಖ ಎಲ್ಲಿ ತೋರಿಸಲಿ ಅಂದೆಯಲ್ಲ, ನನ್ನ ಕಥೆ ಹೇಳುತ್ತೇನೆ. 1983ರಲ್ಲಿ ಅಶೋಕನಗರದ ಸ್ಟೇಡಿಯಂನಲ್ಲಿ ಹಾಫ್ ಟೈಮ್‌ಗೆ ನಮ್ಮ ಕೋಚ್ ನನ್ನನ್ನು ಕೂರಿಸಿದರು. 'ನೀನು ಸಾಕು' ಅಂದರು, ಅಷ್ಟೇ. ನನಗೆ 27. ಬೂಟು ಅಟ್ಟಕ್ಕೆ ಹಾಕಿದವನು ಮತ್ತೆ ಇಳಿಸಲಿಲ್ಲ. ಎರಡು ತಿಂಗಳು ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗಿ ಬೇರೆ ಅಂಗಡಿಯಲ್ಲಿ ಹಾಲು ತರುತ್ತಿದ್ದೆ. ಒಂದು ದಿನ ನಮ್ಮ ಹಾಲಿನವನು ಎದುರು ಸಿಕ್ಕು, 'ಏನ್ ಸಾರ್, ಊರಿಗೆ ಹೋಗಿದ್ರಾ' ಅಂದ. ಪಾಪ, ಅವನಿಗೆ ಏನೂ ಗೊತ್ತೇ ಇರಲಿಲ್ಲ. ಹತ್ತು ವರ್ಷದ ಮೇಲೆ ಬೀದಿಯ ಹುಡುಗರು ಬಂದು ಆಟ ಹೇಳಿಕೊಡಿ ಅಂತ ಕೇಳಿದಾಗ ಮಂಡಿ ನೋವು ಅಂತ ಸುಳ್ಳು ಹೇಳಿದೆ. ಅವರು ಸೋತರೆ ಜನ ನನ್ನನ್ನು ಏನಂದಾರು ಎಂಬ ಭಯ. ನಿನ್ನ ಮಂಡಿಯಾದರೂ ನಿಜವಾದದ್ದು.

2016ರ ಯೂರೋ ಕಪ್ ನೆನಪಿದೆಯಾ? ಪೋರ್ಚುಗಲ್‌ಗೆ ಗುಂಪಿನ ಮೂರೂ ಪಂದ್ಯ ಡ್ರಾ. ಹಂಗೇರಿ ಎದುರಿನ 3-3 ಬಿಟ್ಟರೆ ನೋಡಲು ಬೇಸರ ಹಿಡಿಸುವ ಆಟ, ಅದನ್ನು ನಾನೂ ಒಪ್ಪುತ್ತೇನೆ. ಎಲ್ಲರೂ ಬೈಯುತ್ತಿದ್ದಾಗ ಇವನು, ನಾನು ಮನೆಗೆ ಹೋಗುವುದು ಜುಲೈ 11ಕ್ಕೇ ಎಂದುಬಿಟ್ಟಿದ್ದ. ಫೈನಲ್ ಇದ್ದದ್ದು ಹತ್ತಕ್ಕೆ. ಇಲ್ಲಿ ನಾನೊಬ್ಬನೇ ಟಿವಿ ಶಬ್ದ ತಗ್ಗಿಸಿ ಕೂತಿದ್ದೆ. 25ನೇ ನಿಮಿಷಕ್ಕೇ ರೊನಾಲ್ಡೊ ಅಳುತ್ತಾ ಹೊರಗೆ ಹೋದ. 109ನೇ ನಿಮಿಷದಲ್ಲಿ ಬದಲಿಗೆ ಬಂದಿದ್ದ ಎಡೆರ್ ಗೋಲು ಹೊಡೆದ, ಕಪ್ ಪೋರ್ಚುಗಲ್‌ಗೆ. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಆಗಲೇ 11 ಆಗಿತ್ತು. ನಿಮ್ಮ ದೊಡ್ಡಮ್ಮ ಎದ್ದು ಬಂದು, ಯಾಕೆ ಅಳ್ತಾ ಇದೀರಿ ಅಂತ ಕೇಳಿದಳು.

ಆದರೆ ಆ ರಾತ್ರಿಗಿಂತ ನನ್ನನ್ನು ಹೆಚ್ಚು ಕಾಡುವುದು 2022ರ ಡಿಸೆಂಬರ್, ಆ ವರ್ಷದ ವಿಶ್ವಕಪ್. ಸ್ವಿಟ್ಜರ್ಲೆಂಡ್ ಎದುರು ಅದೇ ರೊನಾಲ್ಡೊನನ್ನು ಸಾಂಟೋಸ್ ಬೆಂಚಿನಲ್ಲಿ ಕೂರಿಸಿದ. ಆ ಜಾಗಕ್ಕೆ ಬಂದ ರಾಮೊಸ್ ಮೂರು ಗೋಲು ಹೊಡೆದ, 6-1. ನಾಲ್ಕು ದಿನ ಬಿಟ್ಟು ಮೊರಾಕೊ ಎದುರು 0-1. ವಾರದೊಳಗೆ ಸಾಂಟೋಸ್ ಕೆಲಸವೂ ಹೋಯಿತು. ನಿನ್ನನ್ನು ಯಾರೋ ತೆಗೆಯುತ್ತಾರೆ ಅಂತ ಹೆದರುತ್ತೀಯ ಮಂಜು, ಆದರೆ ಕೋಚ್ ಆದ ಮೇಲೆ ವಾರವಾರ ಯಾವನೋ ಹುಡುಗನನ್ನು ತೆಗೆಯಬೇಕಾದವನು ನೀನೇ. ಆ ಹುಡುಗನ ಮುಖ ನೋಡಿ ಹೇಳು, ಬೆನ್ನು ತಿರುಗಿಸಿ ಹೇಳಬೇಡ. ಇದು ಬುದ್ಧಿವಾದವೋ ನನ್ನ ಹಳೇ ಹೊಟ್ಟೆಯುರಿಯೋ, ಗೊತ್ತಿಲ್ಲ.

ನಮ್ಮ ಆ ಕೋಚ್ ಆಮೇಲೆ ಒಮ್ಮೆ ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಕಂಡರು. ಮಾತಾಡಿಸಲು ಕೈ ಎತ್ತಿದ್ದರು. ನಾನು ಮುಖ ತಿರುಗಿಸಿ ಬಂದ ಬಸ್ಸು ಹತ್ತಿದೆ, ಎಲ್ಲಿಗೆ ಹೋಗುವ ಬಸ್ಸೋ ನೋಡಲೂ ಇಲ್ಲ. ಈಗ ಅವರಿಲ್ಲ. 'ನೀನು ಸಾಕು' ಅಂದ ರಾತ್ರಿ ಅವರಿಗಾದರೂ ನಿದ್ದೆ ಬಂದಿತ್ತೋ ಏನೋ, ಕೇಳಬಹುದಿತ್ತು.

ಪೋರ್ಚುಗಲ್ ಬಿಟ್ಟ ಮೇಲೆ ಸಾಂಟೋಸ್ ಪೋಲೆಂಡ್ ತಂಡ ಹಿಡಿದ, ಅವರು ಆರೇ ಪಂದ್ಯಕ್ಕೆ ತೆಗೆದರು, ಆಮೇಲೆ ಟರ್ಕಿಯ ಬೆಸಿಕ್ತಾಸ್ ಕ್ಲಬ್ಬೂ ತೆಗೆಯಿತು. ಅದಾದ ಮೇಲೂ 69ನೇ ವಯಸ್ಸಿನಲ್ಲಿ ಅಜರ್‌ಬೈಜಾನ್ ತಂಡ ಒಪ್ಪಿಕೊಂಡ. ಹಟವೋ ಹುಚ್ಚೋ, ನೀನೇ ಹೇಳು.

ಸಂಬಳ ಎಷ್ಟು, ಎಷ್ಟು ತಿಂಗಳಿಗೆ ಅಂತ ಬರವಣಿಗೆಯಲ್ಲಿ ತಗೋ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ. ಈಗಿನ ಕೆಲಸ ಒಮ್ಮೆಲೇ ಬಿಡಬೇಡ... ಇದನ್ನೆಲ್ಲ ನಿಮ್ಮಪ್ಪ ಹೇಳಿರುತ್ತಾನೆ, ನಾನು ಯಾಕೆ ಬರೆಯುತ್ತಿದ್ದೇನೋ. ಭಾನುವಾರ ಬಾ. ಅಟ್ಟದ ಮೇಲೆ ಏನೇನೋ ತುಂಬಿದೆ, ನನಗೆ ಏಣಿ ಹತ್ತಲು ಆಗುವುದಿಲ್ಲ. ಆ ಬೂಟು ಇನ್ನೂ ಇದ್ದರೆ ಇಳಿಸಿಕೊಡು.

ಇಂತಿ,
ನಿನ್ನ ದೊಡ್ಡಪ್ಪ