ತೋಟಾದ ಲೆಕ್ಕ ನಮಗಿರಲಿ

ಪ್ರೀತಿಯ ಪುಟ್ಟಿ,

ಹಾರುವ ಬಿಲ್ಲೆಗೆ ಗುಂಡು ಹೊಡೆಯುವ ಟ್ರಾಪ್ ಶೂಟಿಂಗ್‌ನಲ್ಲಿ ನೀನು ಚಾಂಪಿಯನ್ ಆದದ್ದಕ್ಕೆ ಮಡಿಕೇರಿಯಲ್ಲಿ ಸಿಕ್ಕವರೆಲ್ಲ ನನ್ನ ಕೈ ಕುಲುಕುತ್ತಿದ್ದಾರೆ. ತುಂಬಾ ಹೆಮ್ಮೆ ಆಗುತ್ತಿದೆ. ಆದರೆ ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಮೊನ್ನೆ ಅಭ್ಯಾಸದಲ್ಲಿ ನಿನ್ನ ಹಿಂದೆ ನಿಂತು ನೋಡುತ್ತಿದ್ದೆ. ಮೊದಲ ಗುಂಡು ತಪ್ಪಿದರೆ ನೀನು ಎರಡನೇ ನಳಿಗೆಯಿಂದ ಹೊಡೆಯುವುದೇ ಇಲ್ಲ, ಕೋವಿ ಇಳಿಸಿ, ತೆರೆದು, ಉಳಿದ ತೋಟಾ ತೆಗೆದು ಜೇಬಿಗೆ ಹಾಕಿಕೊಳ್ಳುತ್ತೀಯ. ದುಡ್ಡು ಉಳಿಸೋಕೆ, ಅಲ್ವಾ?

ಅದನ್ನು ಇವತ್ತೇ ಬಿಡು. ಅರ್ಹತಾ ಸುತ್ತಿನಲ್ಲಿ ಒಂದು ಕ್ಲೇಗೆ, ಅಂದರೆ ಒಂದು ಬಿಲ್ಲೆಗೆ, ಎರಡು ಗುಂಡು ಹೊಡೆಯಬಹುದು, ಯಾವುದರಲ್ಲಿ ಒಡೆದರೂ ಅಂಕ ಒಂದೇ. 125 ಕ್ಲೇ ಮುಗಿಯುವ ಹೊತ್ತಿಗೆ ಎರಡನೇ ಗುಂಡಿನಿಂದ ಬಂದ ಎರಡು ಮೂರು ಅಂಕವೇ ಫೈನಲ್‌ಗೆ ಹೋಗುವವರನ್ನೂ ಮನೆಗೆ ಹೋಗುವವರನ್ನೂ ಬೇರೆ ಮಾಡುತ್ತದೆ. ನೀನು ಕೂಗಿದ ಕೂಡಲೇ ಮುಂದಿನ ಮೂರು ಯಂತ್ರಗಳಲ್ಲಿ ಒಂದರಿಂದ ಕ್ಲೇ ಚಿಮ್ಮುತ್ತದೆ, ಎಡಕ್ಕೋ ಬಲಕ್ಕೋ ನೇರಕ್ಕೋ ಗೊತ್ತಿಲ್ಲ, ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗ. ಅಭ್ಯಾಸದಲ್ಲಿ ತೋಟಾ ಉಳಿಸಿದ ಕೈ ಪಂದ್ಯದ ದಿನವೂ ಹಿಂಜರಿಯುತ್ತದೆ.

ತೋಟಾ ದುಬಾರಿ, ನಿಜ. ದೆಹಲಿಯ ಕರ್ಣಿ ಸಿಂಗ್ ಶೂಟಿಂಗ್ ರೇಂಜ್‌ಗೆ ಹೋಗಿ ಬರುವ ಖರ್ಚೂ ಇದೆ. ಅದನ್ನು ನಿನ್ನಪ್ಪ, ನಾನು ಕೂತು ಮಾತಾಡಿ ಒಪ್ಪಿಕೊಂಡಿದ್ದೇವೆ. ಕಾಫಿ ರೇಟು ಬಿದ್ದರೆ ಶಿಬಿರ ಒಂದು ಕಡಿಮೆ ಮಾಡೋಣ, ಆಗ ನಾವೇ ಬಾಯಿಬಿಟ್ಟು ಹೇಳುತ್ತೇವೆ. ಗುಂಡು ತಪ್ಪಿದಾಗಲೆಲ್ಲ ತಿರುಗಿ ಅಪ್ಪನ ಮುಖ ನೋಡಬೇಡ ಮಗಳೇ.

ನೆಂಟರು ಕೊಡುವ ಸಲಹೆ ಕೇಳಿ ನಗುತ್ತಾ ತಲೆ ಆಡಿಸು, ಸಾಕು. ನಮ್ಮ ಕೈಲ್ ಮುಹೂರ್ತ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಹೊಡೆದು ಬೆಳೆದವರು ಅವರು, ಉಸಿರು ಹಿಡಿದು ಗುರಿ ಇಡು ಅನ್ನುತ್ತಾರೆ. ತೆಂಗಿನಕಾಯಿ ಕದಲುವುದಿಲ್ಲ. ಕ್ಲೇ ಜೊತೆ ಕೋವಿಯೂ ಓಡಬೇಕು, ಅದನ್ನು ಕೋಚ್ ಹತ್ತಿರವೇ ಕೇಳು.

ಇನ್ನೊಂದು, ಅವಸರ ಬೇಡ. ಅಮೆರಿಕದ ಕಿಮ್ ರೋಡ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಡಬಲ್ ಟ್ರಾಪ್‌ನಲ್ಲಿ (ಒಮ್ಮೆಗೇ ಎರಡು ಕ್ಲೇ ಹಾರುವ ಆಟ) ಚಿನ್ನ ಗೆದ್ದಾಗ ಬರೀ 17 ವರ್ಷ, ಹೆಚ್ಚುಕಮ್ಮಿ ನಿನ್ನ ವಯಸ್ಸು. 2004ರ ನಂತರ ಮಹಿಳೆಯರ ಡಬಲ್ ಟ್ರಾಪನ್ನೇ ಒಲಿಂಪಿಕ್ಸ್‌ನಿಂದ ತೆಗೆದುಹಾಕಿದರು. ಅವಳು ಎರಡು ಬದಿಯಿಂದ ಕ್ಲೇ ಹಾರುವ ಸ್ಕೀಟ್ ಆಟಕ್ಕೆ ಬಂದಳು, 2012ರಲ್ಲಿ ಲಂಡನ್‌ನಲ್ಲಿ 100ಕ್ಕೆ 99 ಹೊಡೆದು ಮತ್ತೆ ಚಿನ್ನ ತಂದಳು, 2016ರಲ್ಲಿ ರಿಯೊದಲ್ಲಿ ಕಂಚು. ಸತತ ಆರು ಒಲಿಂಪಿಕ್ಸ್‌ನಲ್ಲಿ ಪದಕ! ಪಿಯುಸಿ ಪರೀಕ್ಷೆಗೆ ಅಂತ ಒಂದು ಶಿಬಿರ ತಪ್ಪಿದರೆ ನಿನ್ನ ಆಟ ಮುಗಿದುಹೋಗಲ್ಲ.

ರೇಂಜ್‌ನಿಂದ ಬಂದವಳು ಕೈ ಸೋಪು ಹಾಕಿ ತೊಳೆಯದೆ ಏನೂ ತಿನ್ನಬೇಡ, ತೋಟಾದಲ್ಲಿರೋದು ಸೀಸ. ಬೇರೆಯವರು ಹೊಡೆಯುವಾಗಲೂ ಕಿವಿಯ ರಕ್ಷಣೆ ತೆಗೀಬೇಡ. ದೆಹಲಿಗೆ ಹೊರಡುವ ಮುಂಚೆ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ ಅಂತ ನಿನ್ನಪ್ಪನಿಗೂ ಹೇಳಿದ್ದೇನೆ, ಅವನು ಮರೆತರೆ ನೀನೇ ನೆನಪಿಸು.

ನಿನ್ನ ದೊಡ್ಡಪ್ಪ